ಬಂದೂಕು ಬಂದುಹೋದ ಊರಲ್ಲಿ ಸಂಶೋಧನೆ: ಊರವರ ಜೊತೆ ಸೇರಿ ಮಾಡೋದು ಹೇಗೆ, ಹಂತ ಹಂತವಾಗಿ

ಪ್ರತಿ ವರ್ಷ ಇದೇ ಕಥೆ. ಎಂಎಸ್‌ಡಬ್ಲ್ಯೂ ಓದುವವರು, ಪಿಎಚ್‌ಡಿ ಮಾಡುವವರು, ಸಣ್ಣ ಸಂಸ್ಥೆಗಳ ಹುಡುಗ ಹುಡುಗಿಯರು ಕಾರ್ಕಳ, ಹೆಬ್ರಿ, ಶೃಂಗೇರಿ, ಕೊಪ್ಪ ಕಡೆ ಹೊರಡುತ್ತಾರೆ. ಕೈಯಲ್ಲಿ 40 ಪ್ರಶ್ನೆಗಳ ಹಾಳೆ. ಮೊದಲ ಮನೆಯಲ್ಲೇ "ನಿಮ್ಮೂರಿಗೆ ನಕ್ಸಲರು ಬರ್ತಿದ್ರಾ?" ಅಂತ ಕೇಳುತ್ತಾರೆ. "ನಮ್ಗೆಂತ ಗೊತ್ತಿಲ್ಲ ಮಾರಾಯ್ರೆ" ಅಂತ ಉತ್ತರ ಬರುತ್ತದೆ. ಎರಡನೇ ಮನೆಗೆ ಇವರು ಹತ್ತಿ ಇಳಿದು ಮುಟ್ಟುವಷ್ಟರಲ್ಲಿ ಸುದ್ದಿ ಮೊದಲೇ ಮುಟ್ಟಿರುತ್ತದೆ. ಮೂರು ದಿನ ಸುತ್ತಿ, ಕಾಲಿಗೆ ಇಂಬಳ ಹತ್ತಿಸಿಕೊಂಡು ವಾಪಸ್ ಬಂದು, ವರದಿಯಲ್ಲಿ "ಜನರ ಸಹಕಾರ ಸಿಗಲಿಲ್ಲ" ಅಂತ ಬರೆಯುತ್ತಾರೆ.

ಸಹಕಾರ ಸಿಗದೇ ಇದ್ದದ್ದಲ್ಲ. ಕೆಲಸದ ಕ್ರಮ ತಪ್ಪಿದ್ದು. ನಕ್ಸಲರ ಬಂದೂಕು, ಪೊಲೀಸರ ಬಂದೂಕು ಎರಡನ್ನೂ ಕಂಡ ಇಂಥ ಊರಲ್ಲಿ ಬಂದೂಕಿನ ಪ್ರಶ್ನೆ ಕೊನೆಯದು, ಅದನ್ನೂ ಊರವರೇ ಎತ್ತಿದರೆ ಮಾತ್ರ. ಅದಕ್ಕೂ ಮೊದಲು ಮಾಡಬೇಕಾದ್ದು ಬೇಕಾದಷ್ಟಿದೆ. ಅದನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಉದಾಹರಣೆಗಳೆಲ್ಲ ಮಲೆನಾಡಿನವು, ನಾನು ಓಡಾಡಿದ್ದು ಅಲ್ಲೇ. ಬೇರೆ ಕಡೆ ಹೋಗುವವರು ಕ್ರಮ ಇಟ್ಟುಕೊಳ್ಳಿ, ಪ್ರಶ್ನೆ ಬದಲಿಸಿಕೊಳ್ಳಿ. ಮಲೆನಾಡಿನ ಪ್ರಶ್ನೆಗಳನ್ನು ಪಾವಗಡಕ್ಕೆ ಒಯ್ದರೆ ನಡೆಯಲ್ಲ. ಅಲ್ಲಿ ಕಾಡೂ ಇಲ್ಲ, ರಾಷ್ಟ್ರೀಯ ಉದ್ಯಾನವೂ ಇಲ್ಲ. ಇರೋದು ಬರ ಮತ್ತು ಪಕ್ಕದಲ್ಲೇ ಆಂಧ್ರದ ಗಡಿ.

## ಬ್ಯಾಗಿನಲ್ಲಿ ಇರಬೇಕಾದ್ದು

ಗೆರೆ ಇಲ್ಲದ ಎರಡು ನೋಟ್‌ಬುಕ್, ಪೆನ್ಸಿಲ್ (ಮಳೆಗೆ ಪೆನ್ನಿನ ಅಕ್ಷರ ಹೋಗುತ್ತದೆ), ರಂಗೋಲಿ ಪುಡಿ ಒಂದು ಪ್ಯಾಕೆಟ್, ಟಾರ್ಚ್, ಒಬ್ಬ ವಕೀಲರ ನಂಬರ್ ಬರೆದ ಚೀಟಿ. ಸಂಸ್ಥೆಯ ಪತ್ರ ಕನ್ನಡದಲ್ಲೇ ಇರಲಿ, ಒಂದೇ ಪುಟ ಸಾಕು. ರೆಕಾರ್ಡರ್ ಬೇಡ. ಡ್ರೋನ್ ತಂದವರನ್ನೂ ನೋಡಿದ್ದೇನೆ. ಅವರ ಬಗ್ಗೆ ಏನೂ ಹೇಳಲ್ಲ.

## ಹಂತ 1: ಎರಡು ಕಾಲಂ ಕಾಲಸೂಚಿ

ಹೊರಡುವ ಮೊದಲು ಮನೆಯಲ್ಲೇ ಕೂತು ಮಾಡುವ ಕೆಲಸ ಇದು. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಗಡೆ ಬಂದೂಕಿನ ಘಟನೆಗಳು, ಬಲಗಡೆ ನೆಲದ ಮತ್ತು ಸರ್ಕಾರದ ಘಟನೆಗಳು.

ಎಡಗಡೆ ಹೀಗೆ ಬರುತ್ತದೆ. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಹತ್ಯೆ. ಅದಾಗಿ ವಾರ ಕಳೆಯುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಕ್ಯಾಂಪ್ ಮೇಲೆ ನಕ್ಸಲರ ದಾಳಿ. 2011ರ ಡಿಸೆಂಬರ್‌ನಲ್ಲಿ ಕಬ್ಬಿನಾಲೆಯಲ್ಲಿ ಒಬ್ಬರನ್ನು ನಕ್ಸಲರು ಪೊಲೀಸ್ ಮಾಹಿತಿದಾರ ಅಂತ ಆರೋಪಿಸಿ ಕೊಂದರು. 2014ರ ಡಿಸೆಂಬರ್‌ನಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಇದ್ದ ನಾಗರಿಕರ ವೇದಿಕೆಯ ಪ್ರಯತ್ನದಿಂದ ಇಬ್ಬರು ನಕ್ಸಲರು ಬಂದೂಕು ಬಿಟ್ಟು ಮುಖ್ಯವಾಹಿನಿಗೆ ಬಂದರು. 2024ರ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ವಿಕ್ರಂ ಗೌಡ ಹತ್ಯೆ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಆರು ಜನ ನಕ್ಸಲರು ಶರಣಾದರು. ಆ ಆರರಲ್ಲಿ ಒಬ್ಬರು ಕೇರಳದವರು, ಒಬ್ಬರು ತಮಿಳುನಾಡಿನವರು.

ಬಲಗಡೆ: 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ, 2001ರಲ್ಲಿ ಕೊನೆಯ ಅಧಿಸೂಚನೆ. 2005ರ ಕೊನೆಗೆ ಕುದುರೆಮುಖದ ಅದಿರು ಗಣಿಗಾರಿಕೆ ನಿಂತಿತು. 2006ರಲ್ಲಿ, ಕಾಡಲ್ಲಿ ಬದುಕುವವರ ಜಮೀನಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಬಂತು.

ಈಗ ಎರಡೂ ಕಾಲಂ ಅಕ್ಕಪಕ್ಕ ಇಟ್ಟು ನೋಡಿ. 2001 ಮತ್ತು 2003 ಎಷ್ಟು ಹತ್ತಿರ ಇವೆ! ಹಾಗಂತ ಒಂದರಿಂದಲೇ ಇನ್ನೊಂದು ಆಯ್ತು ಅಂತ ಈಗಲೇ ಬರೆದುಬಿಡಬೇಡಿ. ಅದನ್ನು ಊರವರು ಹೇಳಬೇಕು, ಅಥವಾ "ಹಾಗಲ್ಲ" ಅನ್ನಬೇಕು. ಎಡಗಡೆ ಮಾತ್ರ ಬರೆದುಕೊಂಡು ಹೋದವರ ವರದಿ ಠಾಣೆಯ ಫೈಲಿನ ಹಾಗೆ ಇರುತ್ತದೆ, ಬಲಗಡೆ ಮಾತ್ರ ಬರೆದುಕೊಂಡವರದ್ದು ಮನವಿ ಪತ್ರದ ಹಾಗೆ.

ಮೂರನೇ ಕಾಲಂಗೆ ಸ್ವಲ್ಪ ಜಾಗ ಬಿಡಿ. ಊರಿನ ಘಟನೆಗಳಿಗೆ. ಕಾಲುಸಂಕ (ಹೊಳೆ ದಾಟುವ ಸಣ್ಣ ಸೇತುವೆ) ಕೊಚ್ಚಿಹೋದ ವರ್ಷ, ಶಾಲೆ ಮುಚ್ಚಿದ ವರ್ಷ. ಅದು ಈಗ ಖಾಲಿಯೇ ಇರುತ್ತದೆ.

## ಹಂತ 2: ಕಾನೂನು ಗೊತ್ತಿರಲಿ, ನಿಮ್ಮ ಮನೆಯ ಕಪಾಟೂ ಸರಿಯಿರಲಿ

ನಕ್ಸಲರ ಪಕ್ಷವಾದ ಸಿಪಿಐ (ಮಾವೋವಾದಿ) 2009ರಿಂದ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿದೆ. ಸಂಶೋಧನೆ ಮಾಡುವುದು ಅಪರಾಧ ಅಲ್ಲ. ಆದರೆ ವಕೀಲರಿಗೆ ಕಕ್ಷಿದಾರರ ಗುಟ್ಟು ಕಾಯುವ ರಕ್ಷಣೆ ಇದೆಯಲ್ಲ, ಅಂಥದ್ದು ನಮ್ಮ ದೇಶದಲ್ಲಿ ಸಂಶೋಧಕರಿಗೆ ಇಲ್ಲ. ಕರೆದರೆ ಹೋಗಬೇಕು, ಕಾನೂನು ಪ್ರಕಾರ ಕಾಗದ ಕೇಳಿದರೆ ಕೊಡಬೇಕು. ಹಾಗಾಗಿ ಸೂತ್ರ ಸರಳ: ಇನ್ನೊಬ್ಬರ ಕೈಗೆ ಹೋಗಬಾರದ ಮಾಹಿತಿ ನಿಮ್ಮ ಹತ್ತಿರವೂ ಇರಬಾರದು. ಇಡೀ ಕೆಲಸ ಇದರ ಮೇಲೆ ನಿಂತಿದೆ.

2012ರಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು, ಅವರ ತಂದೆಯನ್ನೂ ಸೇರಿಸಿ ಹಿಡಿದರು. ಮನೆಯಿಂದ ವಶಪಡಿಸಿಕೊಂಡದ್ದರಲ್ಲಿ ಪುಸ್ತಕ, ಪತ್ರಿಕೆಯ ತುಣುಕುಗಳು ಸೇರಿದ್ದವು. ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರಲ್ಲಿ. ಒಂಬತ್ತು ವರ್ಷ! ನಿಮಗೆ ಕಾಲೇಜಿನ ಪತ್ರ ಇರುತ್ತದೆ, ಊರಿನ ಹುಡುಗನಿಗೆ ಅದೂ ಇರಲ್ಲ. ಆದ್ದರಿಂದ ಯಾವ ಹಳೇ ಕರಪತ್ರವನ್ನೂ, ಪುಸ್ತಕವನ್ನೂ, ನಿಮ್ಮ ಪ್ರಶ್ನೆ ಹಾಳೆಯನ್ನೂ ಊರಿನ ಮನೆಯಲ್ಲಿ ಬಿಟ್ಟು ಬರಬೇಡಿ. ಯಾರಾದರೂ "ನನ್ನ ಹತ್ರ ಅವರು ಕೊಟ್ಟ ಪೇಪರ್ ಇದೆ, ತಗೊಂಡ್ಹೋಗಿ" ಅಂದರೆ, ಬೇಡ ಅನ್ನಿ.

ಪೊಲೀಸರಿಗೆ ತಿಳಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಇದು: ಸಂಸ್ಥೆಯ ಕಡೆಯಿಂದ ಜಿಲ್ಲಾಧಿಕಾರಿಗೂ ಎಸ್‌ಪಿಗೂ ಒಂದು ಪತ್ರ ಹೋಗಲಿ. ವಿಷಯ, ತಾಲೂಕು, ತಿಂಗಳು, ಅಷ್ಟೇ. ಮನೆಗಳ ಹೆಸರು, ದಿನಚರಿ ಬೇಡ. ಪತ್ರ ಕೊಟ್ಟಿದ್ದೇವೆ ಅನ್ನುವುದನ್ನು ಊರವರಿಗೂ ಹೇಳಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಎರಡೂ ಕಡೆ ನಂಬಿಕೆ ಹೋಯ್ತು. ಪೊಲೀಸ್ ಜೀಪಲ್ಲಿ ಮಾತ್ರ, ಎಷ್ಟೇ ಮಳೆ ಬರಲಿ, ಕೊನೆಯ ಬಸ್ಸೇ ತಪ್ಪಲಿ, ಹತ್ತಬೇಡಿ.

## ಹಂತ 3: ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಡಿಸೆಂಬರ್‌ನಿಂದ ಫೆಬ್ರವರಿ ಅಡಿಕೆ, ಕಾಫಿ ಕೊಯ್ಲು, ಯಾರ ಕೈಗೂ ಬಿಡುವಿಲ್ಲ. ಮಾರ್ಚ್, ಏಪ್ರಿಲ್ ಒಳ್ಳೆಯದು. ಚುನಾವಣೆ ಇದ್ದರೆ ಆ ತಿಂಗಳು ಬೇಡ, ನಕ್ಸಲರ ಮತದಾನ ಬಹಿಷ್ಕಾರದ ಬ್ಯಾನರ್‌ಗಳ ಹಳೇ ನೆನಪಿಗೆ ಪೊಲೀಸರ ಓಡಾಟ ಜಾಸ್ತಿ ಆಗುತ್ತದೆ. ಜುಲೈ 28ರಿಂದ ಆಗಸ್ಟ್ 3, ಡಿಸೆಂಬರ್ 2ರಿಂದ 8, ಈ ಎರಡು ವಾರಗಳನ್ನು ಮಾವೋವಾದಿಗಳು ತಮ್ಮ ಆಚರಣೆಗೆ ಇಟ್ಟುಕೊಂಡಿದ್ದಾರೆ. ಆಗ ಹೊಸಬರು ಊರಲ್ಲಿ ಕಂಡರೆ ಪ್ರಶ್ನೆ ಬರೋದು ನಿಮಗಲ್ಲ, ನಿಮ್ಮನ್ನು ಉಳಿಸಿಕೊಂಡ ಮನೆಯವರಿಗೆ.

## ಹಂತ 4: ಯಾರ ಜೊತೆ ಊರೊಳಗೆ ಕಾಲಿಡುತ್ತೀರಿ

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ನಾನೂ ಮುಗ್ಗರಿಸಿದ್ದೇನೆ.

ಮೊದಲ ಸಲ ಹೋದಾಗ ನನಗೆ ಪರಿಚಯ ಇದ್ದದ್ದು ಒಂದು ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ಮಾತ್ರ. ಒಳ್ಳೆ ಮನುಷ್ಯ. ಎಸ್ಟೇಟ್ ಜೀಪಲ್ಲಿ ಕರೆದುಕೊಂಡು ಹೋಗಿ ಹತ್ತು ಮನೆ ತೋರಿಸಿದರು. ಎರಡು ವಾರ ನನಗೆ ಸಿಕ್ಕಿದ್ದು ಕಾಫಿ, ಬೆಲ್ಲ, "ಹೌದು ಸರ್". ಏನು ಕೇಳಿದರೂ ಹೌದು ಸರ್. ಕೊನೆಗೆ ಒಬ್ಬ ಅಜ್ಜಿ ನಕ್ಕು ಹೇಳಿದರು, "ನೀವು ಜೀಪಿಂದ ಇಳಿದ್ರಲ್ಲ, ಆವಾಗ್ಲೇ ಗೊತ್ತಾಯ್ತು." ಏನು ಗೊತ್ತಾಯ್ತು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಎರಡು ವಾರದ ಟಿಪ್ಪಣಿಯಲ್ಲಿ ಒಂದು ಸಾಲನ್ನೂ ಬಳಸಲಿಲ್ಲ.

ಫಾರೆಸ್ಟ್ ಗಾರ್ಡ್, ಎಸ್ಟೇಟಿನವರು, ಪಕ್ಷದ ಮುಖಂಡರು, ಗುತ್ತಿಗೆದಾರರು ಇವರ ಜೊತೆ ಮೊದಲ ಸಲ ಹೋಗಬೇಡಿ. ಹಾಗಂತ "ಹೋರಾಟಗಾರರ" ಜೊತೆ ಹೋದರೂ ಅಷ್ಟೇ, ಊರಿನ ಅರ್ಧ ಜನ ಬಾಯಿ ಮುಚ್ಚುತ್ತಾರೆ. ಒಂದಕ್ಕಿಂತ ಹೆಚ್ಚು ಬಾಗಿಲು ಬೇಕು. ಆಶಾ ಕಾರ್ಯಕರ್ತೆ ಒಂದು, ಹಾಲಿನ ಸೊಸೈಟಿ ಇನ್ನೊಂದು, ಅರಣ್ಯ ಹಕ್ಕು ಸಮಿತಿಯಲ್ಲಿ ಇರುವವರು ಮತ್ತೊಂದು. ಮೂರೂ ಕಡೆ ಒಂದೇ ಮಾತು ಹೇಳಿ: ಯಾರು, ಎಲ್ಲಿಂದ, ಯಾಕೆ, ಎಷ್ಟು ದಿನ, ದುಡ್ಡು ಯಾರದ್ದು. ದುಡ್ಡು ಯಾರದ್ದು ಅನ್ನುವುದನ್ನು ಎಲ್ಲರೂ ನುಂಗಿಬಿಡುತ್ತಾರೆ. ಊರವರು ಮೊದಲು ಲೆಕ್ಕ ಹಾಕೋದೇ ಅದನ್ನ.

ಮೊದಲ ಎರಡು ಭೇಟಿಯಲ್ಲಿ ನೋಟ್‌ಬುಕ್ ಹೊರಗೆ ತೆಗೆಯಬೇಡಿ. ಫೋಟೋ ಬೇಡ. ಸುಮ್ನೆ ಬಸ್ಸಿಂದ ಇಳಿದು ನಡೆದುಹೋಗಿ, ಕೂತು, ಮಾತಾಡಿ, ವಾಪಸ್ ಬನ್ನಿ. ಅಣ್ಣ, ಅಕ್ಕ, ಅಜ್ಜ, ಅಮ್ಮ ಅಂತ ಕರೆಯಿರಿ. ನಿಮ್ಮನ್ನು "ಸರ್", "ಮೇಡಂ" ಅನ್ನೋದು ನಿಲ್ಲಿಸಿ ಹೆಸರಲ್ಲಿ ಕರೆಯಲು ಶುರು ಮಾಡಿದ ದಿನ ಮುಂದಿನ ಹಂತಕ್ಕೆ ಹೋಗಬಹುದು. ಕೆಲವು ಊರಲ್ಲಿ ಇದಕ್ಕೆ ಎರಡು ತಿಂಗಳು ಬೇಕು. ಅನುದಾನ ಕೊಟ್ಟವರಿಗೆ ಇದನ್ನು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಅವರ ಫೋನ್ ಶುರುವಾಗುತ್ತದೆ.

## ಹಂತ 5: ಊರಿನ ಜೊತೆಗಾರರು

ನಾಲ್ಕರಿಂದ ಆರು ಜನ ಸಾಕು. ಇವರು ನಿಮ್ಮ ಸಹಾಯಕರಲ್ಲ, ಸಹಸಂಶೋಧಕರು. ಪ್ರಶ್ನೆ ಅವರ ಜೊತೆ ಕೂತು ಬರೆಯಬೇಕು. ಅವರು ಬೇಡ ಅಂದ ಪ್ರಶ್ನೆ ಬಿಡಬೇಕು, ಯಾಕೆ ಅಂತ ವಾದ ಮಾಡಬಾರದು.

ಆರಿಸುವಾಗ ಒಂದೇ ಮನೆತನದವರು ಆಗದಂತೆ ನೋಡಿಕೊಳ್ಳಿ. ಮೇಲಿನ ಕೇರಿ, ಕೆಳಗಿನ ಕೇರಿ, ಗಂಡಸರು, ಹೆಂಗಸರು, ರಾಷ್ಟ್ರೀಯ ಉದ್ಯಾನದೊಳಗಿನ ಮನೆ ಬಿಟ್ಟು, ಪುನರ್ವಸತಿ ದುಡ್ಡು ತಗೊಂಡು ಹೊರಗೆ ಹೋದವರ ಸಂಬಂಧಿಕರು, ಹೋಗದೆ ಉಳಿದವರು, ಎಲ್ಲರೂ ಬೇಕು. ಭಾಷೆಯೂ ಮುಖ್ಯ. ಬೆಳ್ತಂಗಡಿ, ಕಾರ್ಕಳ ಕಡೆಯ ಮಲೆಕುಡಿಯರ ಮನೆಮಾತು ತುಳು. ಕನ್ನಡದಲ್ಲಿ ಕೇಳಿದರೆ ಉತ್ತರ ಬರುತ್ತದೆ, ಆದರೆ ಅದು ತಾಲೂಕು ಆಫೀಸಿಗೆ ಕೊಡುವ ಉತ್ತರ. ದುಃಖದ ಮಾತು ಮನೆಮಾತಲ್ಲೇ ಬರೋದು, ಅಲ್ವಾ?

ಕೂಲಿ ಕೊಡಿ. ಆ ದಿನ ತೋಟಕ್ಕೆ ಹೋಗಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು. ಅದಕ್ಕಿಂತ ಬಹಳ ಜಾಸ್ತಿ ಕೊಟ್ಟರೆ "ದುಡ್ಡು ತಗೊಂಡು ಹೇಳ್ತಾರೆ" ಅನ್ನುವ ಮಾತು ಹುಟ್ಟುತ್ತದೆ. ಇಂಥ ಊರಲ್ಲಿ ಅದು ಬರೀ ಚಾಡಿ ಅಲ್ಲ. ಮಾಹಿತಿದಾರ ಅನ್ನುವ ಪದಕ್ಕೆ ಇಲ್ಲಿ ಜೀವ ಹೋಗಿದೆ.

## ಹಂತ 6: ಒಪ್ಪಿಗೆ ಕೇಳುವ ರೀತಿ

ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರದಲ್ಲಿ ಹೆಸರು, ವಿಳಾಸ, ಸಹಿ ಇರುತ್ತದೆ. ಆ ಪತ್ರವೇ ಇಲ್ಲಿ ಅಪಾಯ. ಬಾಯಿಮಾತಿನ ಒಪ್ಪಿಗೆ ಸಾಕು ಅಂತ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯಿಂದ ಮೊದಲೇ ಬರೆಸಿಕೊಳ್ಳಿ.

ನಾವು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಹೀಗೆ: "ಅಕ್ಕ, ನಾವು ಈ ಊರಿನ ಇಪ್ಪತ್ತು ಮೂವತ್ತು ವರ್ಷದ ಕಥೆ ಬರೀತಿದ್ದೀವಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ಹೇಳೋಕೆ ಇಷ್ಟ ಇಲ್ಲದ್ದನ್ನ ಬಿಡಿ, ನಡುವೆ ಎದ್ದು ಹೋದ್ರೂ ನಮಗೇನೂ ಬೇಜಾರಿಲ್ಲ. ಇದರಿಂದ ನಿಮಗೆ ಹಕ್ಕುಪತ್ರ, ರಸ್ತೆ ಏನೂ ಬರಲ್ಲ. ಈಗ ಯಾರು ಎಲ್ಲಿದ್ದಾರೆ ಅನ್ನೋದು ಮಾತ್ರ ನಮಗೆ ಹೇಳಬೇಡಿ. ಪೊಲೀಸರು ಕೇಳಿದ್ರೆ ನಾವು ಸುಳ್ಳು ಹೇಳೋಕಾಗಲ್ಲ."

ಕೊನೆಯ ಎರಡು ಮಾತು ಹೇಳಲು ಎಲ್ಲರಿಗೂ ಹಿಂಜರಿಕೆ. ಹೇಳಿ ನೋಡಿ, ಜನ ನಿರಾಳ ಆಗುತ್ತಾರೆ. ರಾಜ್ಯ ನಕ್ಸಲ್ ಮುಕ್ತ ಅಂತ ಸರ್ಕಾರ 2025ರಲ್ಲಿ ಹೇಳಿದ ಮೇಲೂ ಇದನ್ನು ಬಿಡಬೇಡಿ. ಹಳೇ ಕೇಸುಗಳು ಇನ್ನೂ ಕೋರ್ಟಿನಲ್ಲಿವೆ. ಯಾವ ವರ್ಷ ಯಾರ ಮನೆಯಲ್ಲಿ ನಕ್ಸಲರಿಗೆ ಊಟ ಆಯ್ತು ಅನ್ನುವುದು ನಿಮಗೆ ಕಥೆ, ಅವರಿಗೆ ಸೆಕ್ಷನ್.

ಹೇಳಿದ್ದನ್ನು ಹಿಂದಕ್ಕೆ ತಗೊಳ್ಳಲು ಒಂದು ತಿಂಗಳು ಕೊಡಿ. ಯಾರ ಮೂಲಕ ಹೇಳಿ ಕಳಿಸಬಹುದು ಅನ್ನುವುದನ್ನೂ ತಿಳಿಸಿ.

## ಹಂತ 7: ಅಂಗಳದಲ್ಲಿ ನಕ್ಷೆ

ನನಗೆ ಇಷ್ಟವಾದ ಹಂತ. ಪ್ರಶ್ನೆ ಕೇಳದೆ ಅತಿ ಹೆಚ್ಚು ತಿಳಿಯುವುದು ಇಲ್ಲೇ.

ಅಡಿಕೆ ಒಣಗಿಸುವ ಅಂಗಳ ಸಂಜೆ ಹೊತ್ತು ಖಾಲಿ ಇರುತ್ತದೆ. ಹೆಂಗಸರ ಗುಂಪು ಬೇರೆ, ಗಂಡಸರ ಗುಂಪು ಬೇರೆ. ರಂಗೋಲಿ ಪುಡಿ ಅವರ ಕೈಗೆ ಕೊಟ್ಟು ನೀವು ಹಿಂದೆ ಸರಿದು ಕೂರಿ. "ನಿಮ್ಮೂರು ಬರೀರಿ" ಅನ್ನಿ, ಅಷ್ಟೇ. ಹೊಳೆ ಮೊದಲು ಬರುತ್ತದೆ, ಆಮೇಲೆ ಮನೆ, ದೈವದ ಜಾಗ, ಶಾಲೆ, ಬಸ್ ನಿಲ್ಲುವ ಕಡೆ. ಎಲ್ಲ ಆದ ಮೇಲೆ ಒಂದೇ ಪ್ರಶ್ನೆ: "ಈ ಇಪ್ಪತ್ತು ವರ್ಷದಲ್ಲಿ ಎಲ್ಲಿಗೆ ಹೋಗೋದನ್ನ ಬಿಟ್ಟಿದ್ದೀರಿ?"

ಒಂದು ಊರಲ್ಲಿ (ಹೆಸರು ಹೇಳಲ್ಲ) ಹೆಂಗಸರು ನಕ್ಷೆಯ ಮೇಲ್ಗಡೆ ಒಂದು ಗುಡ್ಡಕ್ಕೆ ಮೂರು ಅಡಿಕೆ ಇಟ್ಟರು. ಕೆಂಪು ಸಿಪ್ಪೆಯ ಹಣ್ಣಡಿಕೆ. ಏನದು ಅಂದೆ. "ರಾಮಪತ್ರೆಗೆ ಹೋಗ್ತಿದ್ವು, ಈಗ ಇಲ್ಲ" ಅಂದರು. (ರಾಮಪತ್ರೆ ಅಂದರೆ ಕಾಡಲ್ಲಿ ಸಿಗುವ ಒಂದು ಮಸಾಲೆ.) ಯಾಕೆ ಅಂತ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಬ್ಬಾಕೆ ತಾನಾಗಿ ಮೊದಲ ಅಡಿಕೆ ಮುಟ್ಟಿ "ಇದು ಫಾರೆಸ್ಟ್‌ನವ್ರು" ಅಂದಳು. ಎರಡನೆಯದು ಮುಟ್ಟಿ "ಇದು ಅವರು". ಮೂರನೆಯದು "ಇದು ಕೂಂಬಿಂಗ್‌ನವ್ರು". (ಕಾಡು ಜಾಲಾಡುವ ಪೊಲೀಸರು ಅಂತ.) ನಂತರ ಮೂರೂ ಅಡಿಕೆಯನ್ನು ಒಟ್ಟು ಮಾಡಿ ಸೆರಗಿಗೆ ಹಾಕಿಕೊಂಡು ಎದ್ದಳು. ಅಡುಗೆ ಹೊತ್ತಾಗಿತ್ತು. ಗಂಡಸರ ನಕ್ಷೆಯಲ್ಲಿ ಆ ಗುಡ್ಡವೇ ಇರಲಿಲ್ಲ.

ನಕ್ಷೆಯ ಫೋಟೋ ತೆಗೆಯಬೇಡಿ. ನೋಟ್‌ಬುಕ್ಕಿಗೆ ಕೈಯಲ್ಲಿ ಬರೆದುಕೊಳ್ಳುವಾಗ ದಿಕ್ಕು ಬದಲಿಸಿ, ಮನೆಗಳ ಗುರುತು ಬಿಡಿ. ಜಿಪಿಎಸ್ ಅಂತೂ ಬೇಡವೇ ಬೇಡ. ಆಮೇಲೆ ಪೊರಕೆ ತಗೊಂಡು ಅಂಗಳದ ನಕ್ಷೆಯನ್ನು ಅವರೇ ಗುಡಿಸಿ ಹಾಕಲಿ. ಅದನ್ನು ಕಣ್ಣಾರೆ ನೋಡಿದವರು ಮರುದಿನ ಇನ್ನೂ ಬಿಚ್ಚಿ ಮಾತಾಡುತ್ತಾರೆ.

ಮರುದಿನ ನಕ್ಷೆಯ ಜಾಗಗಳಲ್ಲಿ ಒಟ್ಟಿಗೆ ನಡೆಯಿರಿ. ಕಾಡಿನ ಒಳಗಲ್ಲ, ಊರಿನ ದಾರಿಯಲ್ಲಿ. ಕಾಲುಸಂಕ, ಮುರಿದ ಶಾಲೆ, ಖಾಲಿ ಮನೆಗಳು. ನಡೆಯುತ್ತಾ ಬರುವ ಮಾತು ಕೂತು ಬರುವ ಮಾತಿಗಿಂತ ಬೇರೆ. ಖಾಲಿ ಬಿಟ್ಟ ಮೂರನೇ ಕಾಲಂ ತುಂಬುವುದು ಈ ನಡಿಗೆಯಲ್ಲಿ.

## ಹಂತ 8: ಒಬ್ಬೊಬ್ಬರ ಜೊತೆ ಮಾತು

ಕ್ರಮ ಹೀಗಿರಲಿ. ಮೊದಲು ಜಮೀನು: ಎಷ್ಟು ವರ್ಷದಿಂದ ಇದ್ದೀರಿ, ಕಾಗದ ಏನಿದೆ. ಅರಣ್ಯ ಹಕ್ಕು ಅರ್ಜಿಯ ಗತಿ ಏನಾಯ್ತು. ಇಲ್ಲಿ ನಿಮಗೆ ಕಾಯ್ದೆ ಗೊತ್ತಿರಬೇಕು. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸ್ವಾಧೀನ ಸಾಕು, ಉಳಿದವರು 75 ವರ್ಷದ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಒಂದೇ ಊರಲ್ಲಿ ಅಕ್ಕಪಕ್ಕದ ಮನೆಯವರ ನಡುವೆ ಮನಸ್ತಾಪ ಹುಟ್ಟಿಸಿದ್ದು ಎಷ್ಟೋ ಸಲ ಬಂದೂಕಲ್ಲ, ಈ 75 ವರ್ಷ. ಇದನ್ನು ತಿಳಿಯದೆ ಶಾಂತಿ ಅಂತ ಮಾತಾಡಲು ಹೋದರೆ ಜನ ನಿಮ್ಮ ಮುಖ ನೋಡುತ್ತಾರೆ.

ಆಮೇಲೆ ರಸ್ತೆ, ಆಸ್ಪತ್ರೆ, ಶಾಲೆ. ಆಮೇಲೆ ಅಧಿಕಾರಿಗಳ ಜೊತೆಗಿನ ಒಡನಾಟ. ಅದಾದ ಮೇಲೆ, "ಊರಲ್ಲಿ ಭಯ ಇದ್ದ ಕಾಲ ಯಾವುದು?" ಯಾರ ಭಯ ಅಂತ ನೀವು ಹೇಳಬೇಡಿ. ಅವರೇ ತುಂಬಲಿ. ಬಂದೂಕು ಬಂದರೆ ಇಲ್ಲೇ ಬರಬೇಕು.

ಹೆಚ್ಚಿನವರು "ನಕ್ಸಲರು" ಅನ್ನುವುದಿಲ್ಲ. "ಅವರು", "ಕಾಡಿನವರು", "ಬಂದವರು". ಅವರ ಪದವನ್ನೇ ನೀವೂ ಬಳಸಿ. ನೀವಾಗಿ "ಉಗ್ರರು" ಅಂದರೂ ಕೆಟ್ಟಿತು, "ಕಾಮ್ರೇಡ್" ಅಂದರೂ ಕೆಟ್ಟಿತು.

ಕೇಳಲೇಬಾರದ್ದು ಮೂರು: ಈಗ ಯಾರು ಎಲ್ಲಿದ್ದಾರೆ, ಯಾರು ಅಕ್ಕಿ ಕೊಟ್ಟರು, ಯಾರು ಪೊಲೀಸರಿಗೆ ಹೇಳಿದರು. ಅವರಾಗಿ ಹೇಳಲು ಶುರು ಮಾಡಿದರೆ ಕೈ ಅಡ್ಡ ಹಿಡಿದು ನಿಲ್ಲಿಸಿ. "ಅಣ್ಣ, ಇದು ನನಗೆ ಬೇಡ" ಅಂತ ಬಾಯಿಬಿಟ್ಟು ಹೇಳಿ. ಕುತೂಹಲ ತಡೆಯಲು ಆಗದವರು ಬೇರೆ ವಿಷಯ ತಗೊಳ್ಳುವುದು ವಾಸಿ.

ನೊಂದವರು ಒಂದೇ ಬಗೆಯವರಲ್ಲ ಅನ್ನುವುದು ನೆನಪಿರಲಿ. ಮಾಹಿತಿದಾರ ಅಂತ ಕೊಲ್ಲಲ್ಪಟ್ಟವರ ಮನೆ ಇದೆ. ಎನ್‌ಕೌಂಟರ್‌ನಲ್ಲಿ ಸತ್ತವರ ಮನೆ ಇದೆ. ಶರಣಾದವರ ಅಪ್ಪ ಅಮ್ಮ ಇದ್ದಾರೆ. ಎಲ್ಲೋ ಉತ್ತರ ಕರ್ನಾಟಕದ ಊರಿಂದ ಬಂದು, ಕಾಡಿನ ಕ್ಯಾಂಪಿನಲ್ಲಿ ಮಳೆಗಾಲ ಕಳೆದ ಕಾನ್‌ಸ್ಟೇಬಲ್‌ಗಳೂ ಇದ್ದಾರೆ. ಮೊದಲ ಮತ್ತು ಕೊನೆಯ ಗುಂಪನ್ನು ನಮ್ಮವರು ಬಿಟ್ಟೇ ಬಿಡುತ್ತಾರೆ. ನಾಲ್ಕೂ ಕಡೆ ಹೋಗದಿದ್ದರೆ ನಿಮ್ಮದು ಅರ್ಧ ಕಥೆ. ಆದರೆ ಒಂದೇ ದಿನ ಎರಡು ಕಡೆ ಹೋಗಬೇಡಿ. ಇವರ ಮನೆಯಿಂದ ಎದ್ದು ನೇರ ಅವರ ಮನೆಗೆ ಹೋದದ್ದನ್ನು ಊರು ನೋಡುತ್ತಿರುತ್ತದೆ.

ಅತ್ತರೆ ಪ್ರಶ್ನೆ ನಿಲ್ಲಿಸಿ. ನೋಟ್‌ಬುಕ್ ಮುಚ್ಚಿ. ನೀರು ಕುಡಿಯಲಿ, ಹಟ್ಟಿ ಕಡೆ ಹೋಗಿ ಬರಲಿ. ಆ ದಿನ ಮತ್ತೆ ಅದೇ ವಿಷಯಕ್ಕೆ ಬರಬೇಡಿ. ಎರಡು ದಿನ ಬಿಟ್ಟು ಸುಮ್ನೆ ಹೋಗಿ ಮಾತಾಡಿಸಿಕೊಂಡು ಬನ್ನಿ.

## ಕೆಲಸ ನಿಲ್ಲಿಸಬೇಕು ಅನ್ನುವ ಸೂಚನೆಗಳು

ಹೆಸರಲ್ಲಿ ಕರೆಯುತ್ತಿದ್ದವರು ಮತ್ತೆ "ಸರ್" ಅನ್ನಲು ಶುರು ಮಾಡಿದರು. ಮೂರು ಮನೆಯಲ್ಲಿ ಒಂದೇ ವಾಕ್ಯ, ಪದ ಕೂಡ ಬದಲಾಗದೆ ಬಂತು. ಅಂದರೆ ಯಾರೋ ಕಲಿಸಿದ್ದಾರೆ. ನೀವು ಹೋಗಿ ಬಂದ ಮನೆಗೆ ಮರುದಿನ ಬೈಕಲ್ಲಿ ಇಬ್ಬರು ಬಂದು "ಏನು ಕೇಳಿದ್ರು" ಅಂತ ವಿಚಾರಿಸಿದರು. ಜೊತೆಗಾರರಲ್ಲಿ ಒಬ್ಬರು ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ. ಯಾರೋ ನಿಮ್ಮನ್ನು "ಆ ಕಡೆಯವರನ್ನ ಭೇಟಿ ಮಾಡಿಸ್ತೀನಿ" ಅಂತ ಕರೆದರು.

ಇದರಲ್ಲಿ ಯಾವುದೇ ಒಂದು ಕಂಡರೂ ಅವತ್ತೇ ಕೆಲಸ ನಿಲ್ಲಿಸಿ. ಜೊತೆಗಾರರ ಜೊತೆ ಕೂತು ಮಾತಾಡಿ. ಮುಂದೆ ಹೋಗಬೇಕಾ ಬೇಡವಾ ಅನ್ನುವ ತೀರ್ಮಾನ ಅವರದ್ದೇ, ನಾಳೆ ಆ ಊರಲ್ಲಿ ಇರಬೇಕಾದವರು ಅವರು. ಕೊನೆಯದು ಕಂಡರೆ ಮಾತುಕತೆಯೂ ಬೇಡ, ಬಸ್ ಹತ್ತಿ.

## ಹಂತ 9: ಟಿಪ್ಪಣಿ ಇಡುವುದು

ಹೆಸರಿನ ಬದಲು ಸಂಕೇತ. ಮರದ ಹೆಸರು ಇಟ್ಟುಕೊಳ್ಳಿ: ಹಲಸು, ನೇರಳೆ, ಹೊನ್ನೆ. ಯಾವ ಮರ ಯಾರು ಅನ್ನುವ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿ, ಬೇರೆ ಊರಲ್ಲಿ, ಬೇರೆಯವರ ಹತ್ತಿರ ಇರಲಿ. ಅದನ್ನು ಯಾವತ್ತು ನಾಶ ಮಾಡುತ್ತೇವೆ ಅನ್ನುವ ತಾರೀಕನ್ನು ಕೆಲಸ ಶುರುವಾಗುವ ಮೊದಲೇ ಸಂಸ್ಥೆಯ ಯೋಜನಾ ಪತ್ರದಲ್ಲಿ ಬರೆದಿಡಿ. ಇದು ಮುಖ್ಯ. ಸಮನ್ಸ್ ಬಂದ ಮೇಲೆ ಸುಟ್ಟರೆ ಅದು ಸಾಕ್ಷ್ಯನಾಶ, ನೀವೇ ಆರೋಪಿ.

ಟೈಪ್ ಮಾಡಿದ್ದನ್ನು ವೆರಾಕ್ರಿಪ್ಟ್‌ನಂಥ ಬೀಗ ಹಾಕುವ ತಂತ್ರಾಂಶದಲ್ಲಿಡಿ. ವಾಟ್ಸಾಪ್ ಗುಂಪು ಮಾಡಬೇಡಿ. ಮಾತನ್ನು ತಾನಾಗಿ ಬರಹ ಮಾಡಿಕೊಡುವ ಆನ್‌ಲೈನ್ ಸೇವೆಗಳಿಗೆ ನಿಮ್ಮ ಟಿಪ್ಪಣಿ ಓದಿದ ಧ್ವನಿಯನ್ನೂ ಹಾಕಬೇಡಿ, ಅದು ಯಾವ ದೇಶದ ಕಂಪ್ಯೂಟರಿಗೆ ಹೋಗುತ್ತದೋ ಗೊತ್ತಾಗಲ್ಲ. ಮತ್ತೊಂದು: ಹೆಸರು ತೆಗೆದರೆ ಸಾಲದು. "ಆ ಊರಿನ ನಿವೃತ್ತ ಶಿಕ್ಷಕಿ" ಅಂದರೆ ತಾಲೂಕಿಗೆಲ್ಲ ಗೊತ್ತಾಗುತ್ತದೆ. ಎಂಟು ಮನೆಯ ಊರಲ್ಲಿ ವಯಸ್ಸು ಹೇಳಿದರೂ ಸಾಕು.

## ಹಂತ 10: ತಾಳೆ ನೋಡುವುದು

ಎರಡು ಮನೆಯವರು ಒಂದೇ ಘಟನೆಯನ್ನು ಎರಡು ಥರ ಹೇಳುತ್ತಾರೆ. ಯಾರು ಸುಳ್ಳು ಅಂತ ಹುಡುಕಬೇಡಿ. ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಕಣ್ಣಾರೆ ಕಂಡದ್ದು, ಕೇಳಿದ್ದು, ಊರಲ್ಲಿ ಎಲ್ಲರೂ ಹೇಳುವುದು. ಆಮೇಲೆ ಕಾಲಸೂಚಿಯ ಎಡಗಡೆ, ಬಲಗಡೆ ಜೊತೆ ಇಟ್ಟು ನೋಡಿ. ವರ್ಷ ತಪ್ಪುವುದು ಸಾಮಾನ್ಯ. "ಮಗಳ ಮದುವೆ ಆದ ವರ್ಷ", "ದೊಡ್ಡ ಮಳೆ ಬಂದ ವರ್ಷ" ಅಂತ ಹಿಡಿದರೆ ಸರಿಹೋಗುತ್ತದೆ. ತಾಳೆ ಆಗದ್ದನ್ನು ತಾಳೆ ಆಗಲಿಲ್ಲ ಅಂತಲೇ ಬರೆಯಿರಿ.

## ಹಂತ 11: ಮೊದಲು ಊರಿಗೆ ಓದಿ, ಆಮೇಲೆ ಶಾಂತಿಯ ಮಾತು

ಬರೆದದ್ದನ್ನು ಮುದ್ರಿಸುವ ಮೊದಲು ಊರಲ್ಲಿ ಓದಿ ಹೇಳಬೇಕು. ತುಳು ಇದ್ದಲ್ಲಿ ತುಳುವಿನಲ್ಲಿ. ಮೊದಲು ಜೊತೆಗಾರರಿಗೆ, ನಂತರ ಸಣ್ಣ ಸಣ್ಣ ಗುಂಪುಗಳಿಗೆ. ಇಡೀ ಊರನ್ನು ಒಟ್ಟಿಗೆ ಕೂರಿಸಿ ಓದಿದರೆ ಮೌನ, ಇಲ್ಲವೇ ಜಗಳ. "ಇದನ್ನ ತೆಗೀರಿ" ಅಂದರೆ ತೆಗೆಯಿರಿ. ಒಮ್ಮೆ ಹೀಗೆ ನನ್ನ ಅತ್ಯಂತ ಒಳ್ಳೆಯ ಅಧ್ಯಾಯದ ಅರ್ಧ ಹೋಯ್ತು. ಹೊಟ್ಟೆ ಉರಿಯಿತು, ನಿಜ. ತೆಗೆದೆ.

ಶಾಂತಿ ಕಟ್ಟುವುದು ಅಂದ ತಕ್ಷಣ ವೇದಿಕೆ, ಮೈಕು, ಎರಡೂ ಕಡೆಯವರು ಕೈಕುಲುಕುವ ಫೋಟೋ ಕಣ್ಣಮುಂದೆ ಬರುತ್ತದೆ. ಅದನ್ನು ಮರೆತುಬಿಡಿ. ಊರಲ್ಲಿ ಈಗಾಗಲೇ ಜನರನ್ನು ಒಟ್ಟಿಗೆ ತರುವುದು ಏನು ಅಂತ ನಕ್ಷೆಯಲ್ಲೇ ನೋಡಿರುತ್ತೀರಿ. ಹಾಲಿನ ಸೊಸೈಟಿ, ಸ್ವಸಹಾಯ ಸಂಘ, ದೈವದ ಕೋಲ, ಶಾಲೆಯ ಬಿಸಿಯೂಟ. ಮಾತುಕತೆ ಅಲ್ಲಿಂದಲೇ ಶುರುವಾಗಬೇಕು, ಅದೂ ಬಂದೂಕಿನ ಬಗ್ಗೆ ಅಲ್ಲ. ಕಾಲುಸಂಕದ ಅರ್ಜಿಗೆ ಮೇಲಿನ ಕೇರಿ, ಕೆಳಗಿನ ಕೇರಿ ಎರಡೂ ಸಹಿ ಹಾಕಿದರೆ ಅದು ಮೊದಲ ಹೆಜ್ಜೆ. 75 ವರ್ಷದ ವಾಸ ತೋರಿಸಲು ಪರಿಶಿಷ್ಟ ಪಂಗಡದವರು ಪಕ್ಕದ ಮನೆಯವರ ಪರ ಸಾಕ್ಷಿ ಹೇಳಿದರೆ ಅದು ಎರಡನೆಯದು.

ಶರಣಾದವರ ಮನೆಯವರು, ಕೊಲ್ಲಲ್ಪಟ್ಟವರ ಮನೆಯವರು ಮುಖಾಮುಖಿ ಕೂರುವುದು ಬಹಳ ದೂರದ ಮಾತು. ಅದು ಆಗಲೂಬಹುದು, ಆಗದೆಯೂ ಇರಬಹುದು. ನಿಮ್ಮ ಯೋಜನೆಯ ಅವಧಿಯೊಳಗೆ ಆಗಲಿ ಅಂತ ಎಳೆಯಬೇಡಿ. ಕೇಸು ವಾಪಸ್, ಪುನರ್ವಸತಿ ಹಣ, ಶರಣಾಗತಿ ಪ್ಯಾಕೇಜಿನ ಉಳಿದ ಭರವಸೆ, ಇವೆಲ್ಲ ಸರ್ಕಾರದ ಮಟ್ಟದಲ್ಲಿ ಆಗಬೇಕಾದ್ದು. ಅದನ್ನು ಒಂದು ಪುಟದಲ್ಲಿ ಬರೆದು ಜಿಲ್ಲಾಧಿಕಾರಿಗೆ ಕೊಡಲು ಊರವರು ಕೇಳಿದರೆ ಬರೆದುಕೊಡಿ. ಮುಂದೆ ನಿಲ್ಲುವವರು ಅವರೇ ಆಗಿರಲಿ.

## ಹಂತ 12: ಪಟ್ಟಿ ಸುಡುವ ದಿನ

ಬರೆದಿಟ್ಟ ತಾರೀಕು ಬಂದಾಗ ಸಂಕೇತದ ನೋಟ್‌ಬುಕ್ ತಗೊಂಡು ಊರಿಗೆ ಹೋಗಿ. ಕಾಗದ ಹರಿದು ಕಸಕ್ಕೆ ಹಾಕುವುದಲ್ಲ. ಜೊತೆಗಾರರನ್ನು ಕರೆಯಿರಿ. ನಾವು ಸುಟ್ಟದ್ದು ಒಬ್ಬರ ಮನೆಯ ಬಚ್ಚಲ ಒಲೆಯಲ್ಲಿ, ಸ್ನಾನದ ನೀರು ಕಾಯುವ ಹಂಡೆ ಕೆಳಗೆ. ಎರಡು ಪುಟ ಒದ್ದೆಯಾಗಿ ಹೊತ್ತಲಿಲ್ಲ, ಮನೆಯ ಅಮ್ಮ ಅಡಿಕೆ ಸಿಪ್ಪೆ ಹಾಕಿ ಊದಿದರು. ಆಮೇಲೆ "ನೀರು ಕಾದಿದೆ, ಮೊದಲು ನೀನು ಸ್ನಾನ ಮಾಡು" ಅಂದರು. ಮಾಡಿದೆ.